ಅಡ್ವಾನ್ಸ್ ಕೊಟ್ಟಾಗಿತ್ತು, ಮನೆ ಬಂದಿರಲಿಲ್ಲ

2022ರ ಕೊನೆಯ ತಿಂಗಳುಗಳು. ಮನೆ ಕೊಳ್ಳಲು ಅಗ್ರಿಮೆಂಟ್ ಆಗಿತ್ತು, ರಿಜಿಸ್ಟ್ರೇಷನ್ ಬಾಕಿ ಇತ್ತು. ಒಂದು ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರನ್ನೂ ಕರೆದು, ಕಂಪನಿ ಖರ್ಚು ಕಡಿಮೆ ಮಾಡಬೇಕಾಗಿದೆ ಅಂದರು. ಯಾರನ್ನಾದರೂ ಕೆಲಸದಿಂದ ತೆಗೆಯುತ್ತೇವೆ ಅನ್ನಲಿಲ್ಲ. ತೆಗೆಯುವುದಿಲ್ಲ ಅಂತಲೂ ಅನ್ನಲಿಲ್ಲ.

ಮಧ್ಯಾಹ್ನ ಬ್ಯಾಂಕಿನಿಂದ ಫೋನ್. "ಮೇಡಂ, ದುಡ್ಡು ರಿಲೀಸ್ ಮಾಡೋಕೆ ಮುಂಚೆ ಈ ತಿಂಗಳ ಸ್ಯಾಲರಿ ಸ್ಲಿಪ್ ಇನ್ನೊಂದ್ಸಲ ಬೇಕು. ಕೆಲಸದಲ್ಲಿ ಇದ್ದೀರ ಅಂತ ನಿಮ್ಮ ಕಂಪನಿಗೂ ಒಂದು ಮೇಲ್ ಹೋಗುತ್ತೆ."

ಲೋನ್ ಸ್ಯಾಂಕ್ಷನ್ ಆಯ್ತಲ್ಲ, ಮತ್ಯಾಕೆ ಅಂದೆ. "ಸುಮ್ನೆ ಫಾರ್ಮಾಲಿಟಿ ಮೇಡಂ" ಅಂದರು. ಆ ಮಾತು ಕೇಳಿದ ಮೇಲೇ ನನಗೆ ಭಯ ಜಾಸ್ತಿಯಾಗಿದ್ದು.

ಸ್ಯಾಂಕ್ಷನ್ ಪತ್ರ ತೆಗೆದು ಮತ್ತೆ ಓದಿದೆ. ಸಾಲಗಾರರ ಕೆಲಸ ಅಥವಾ ಆದಾಯದಲ್ಲಿ ಬದಲಾವಣೆಯಾದರೆ ಮಂಜೂರಾತಿ ಹಿಂತೆಗೆದುಕೊಳ್ಳುವ ಹಕ್ಕು ಬ್ಯಾಂಕಿಗಿದೆ ಎಂದು ಬರೆದಿತ್ತು. ಅಗ್ರಿಮೆಂಟಿನಲ್ಲಿದ್ದ ಸಾಲು ಬೇರೆ: ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ವಾಪಸ್. ಮಂಜೂರಾಗಿ ಆಮೇಲೆ ರದ್ದಾದರೆ? ಅದರ ಬಗ್ಗೆ ಒಂದು ಮಾತೂ ಇರಲಿಲ್ಲ. ಎರಡು ಕಾಗದಗಳ ನಡುವೆ ನಮ್ಮ ಅಷ್ಟೂ ವರ್ಷಗಳ ಉಳಿತಾಯ ಕೂತಿತ್ತು.

ಆಗಿನ ಪರಿಸ್ಥಿತಿ ನೆನಪಿರಬಹುದು. ಬೆಲೆ ಏರಿಕೆ ಹಿಡಿದಿಡಲು ಒಂದೊಂದೇ ದೇಶದ ಕೇಂದ್ರ ಬ್ಯಾಂಕು ಬಡ್ಡಿ ಏರಿಸುತ್ತಿತ್ತು. ಅಮೆರಿಕದಲ್ಲಂತೂ ವರ್ಷದ ಶುರುವಿನಲ್ಲಿ ಸೊನ್ನೆಯ ಹತ್ತಿರವಿದ್ದ ದರ ಡಿಸೆಂಬರ್ ಹೊತ್ತಿಗೆ ಶೇ. 4 ದಾಟಿತ್ತು. ಸಾಲ ದುಬಾರಿಯಾದಂತೆ ದೊಡ್ಡ ದೊಡ್ಡ ಕಂಪನಿಗಳು ಕೈ ಬಿಗಿ ಮಾಡಿದವು. ನವೆಂಬರ್‌ನಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಒಂದೇ ಸಲಕ್ಕೆ 11,000ಕ್ಕೂ ಹೆಚ್ಚು ಜನರನ್ನು ತೆಗೆಯಿತು. ನನ್ನ ಕಂತು ಏರಿಸುತ್ತಿದ್ದ ಕಾರಣವೇ ನನ್ನ ಕೆಲಸಕ್ಕೂ ಕುತ್ತು ತರುತ್ತಿತ್ತು ಅಂದರೆ ತಪ್ಪಲ್ಲ. ಕಷ್ಟಗಳು ಬೇರೆ ಬೇರೆಯಾಗಿ ಬಂದರೆ ಹೇಗೋ ನಿಭಾಯಿಸಬಹುದು, ಇವು ಒಂದೇ ಬಾಗಿಲಿನಿಂದ ಒಳಗೆ ಬಂದಿದ್ದವು.

ರಾತ್ರಿ ನಾನು, ನನ್ನ ಗಂಡ ಲೆಕ್ಕಕ್ಕೆ ಕೂತೆವು. ಅವರದು ಸ್ವಂತ ಕೆಲಸ, ಒಂದು ತಿಂಗಳಿದ್ದ ಆದಾಯ ಇನ್ನೊಂದು ತಿಂಗಳಿರುವುದಿಲ್ಲ. ಸಾಲ ನಿಂತಿದ್ದು ನನ್ನ ಸಂಬಳದ ಮೇಲೆ. ಶೇ. 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಾಲ ತೆಗೆದರೆ ಕೊನೆಗೆ ಕಟ್ಟುವುದು ಅಸಲಿನ ಎರಡರಷ್ಟು. ಮೊದಲ ಕಂತಿನಲ್ಲಿ ನೂರಕ್ಕೆ ಸುಮಾರು 80 ಬರೀ ಬಡ್ಡಿಗೇ ಹೋಗುತ್ತದೆ. ಕಂತು ಅಷ್ಟೇ ಇಟ್ಟುಕೊಂಡು ಬಡ್ಡಿ ಶೇ. 9 ಆದರೆ 20 ವರ್ಷದ ಸಾಲ 25 ವರ್ಷ ದಾಟುತ್ತದೆ. ಒಂದೇ ಒಂದು ಪರ್ಸೆಂಟಿಗೆ ಐದು ವರ್ಷ! ನಾನು ಎರಡು ಸಲ ಲೆಕ್ಕ ಮಾಡಿಸಿದೆ, ಉತ್ತರ ಬದಲಾಗಲಿಲ್ಲ.

"ಕೈಬಿಟ್ಟುಬಿಡೋಣ್ವಾ?" ಅಂದೆ.

"ಬಿಟ್ರೆ ಅಡ್ವಾನ್ಸ್ ಹೋಗುತ್ತೆ. ಅದು ಗ್ಯಾರಂಟಿ. ನಿನ್ನ ಕೆಲಸ ಹೋಗೋದು ಗ್ಯಾರಂಟಿ ಏನಲ್ಲ, ಅಲ್ವಾ?" ಅಂದರು. ಸಮಾಧಾನದ ಮಾತೇನಲ್ಲ ಅದು. ಆದರೂ ತಲೆ ಸ್ವಲ್ಪ ತಿಳಿಯಾಯಿತು.

ಮಾರನೇ ದಿನ ವಕೀಲರ ಹತ್ತಿರ ಹೋದೆವು. ಸ್ಯಾಂಕ್ಷನ್ ರದ್ದಾದರೂ ಅಡ್ವಾನ್ಸ್ ವಾಪಸ್ ಎಂದು ಒಂದು ಪೂರಕ ಕರಾರು ಮಾಡಿಸಿ, ಮಾರುವವರು ಒಪ್ಪಬೇಕಷ್ಟೇ ಅಂದರು. ಒಪ್ಪುವುದಿಲ್ಲ ಅಂತಲೇ ನಾನು ತೀರ್ಮಾನಿಸಿದ್ದೆ. ಹೋಗಿ ಕೇಳಿದರೆ ಆ ಯಜಮಾನರು ನಮಗಿಂತ ಹೆಚ್ಚು ಹೆದರಿದ್ದರು. ನಾವು ಕೊಡುವ ದುಡ್ಡು ನಂಬಿ ಅವರೂ ಇನ್ನೊಂದು ಮನೆಗೆ ಅಡ್ವಾನ್ಸ್ ಕೊಟ್ಟಿದ್ದರಂತೆ. "ನೀವು ಫೋನ್ ಮಾಡ್ದಾಗ ಬೇಡ ಅನ್ನೋಕೇ ಬರ್ತಿದ್ದೀರಿ ಅಂದ್ಕೊಂಡೆ ಕಣಮ್ಮ" ಅಂದರು. ಒಪ್ಪಿದರು, ಆದರೆ ಒಂದು ಶರತ್ತು ಹಾಕಿದರು: ರಿಜಿಸ್ಟ್ರೇಷನ್ ಆದಷ್ಟು ಬೇಗ ಆಗಬೇಕು. ನಮಗೂ ಬೇಕಿದ್ದದ್ದು ಅದೇ.

ಇನ್ನೊಂದು ನಿರ್ಧಾರಕ್ಕೆ ಮನೆಯಲ್ಲಿ ಜಗಳವೇ ಆಯಿತು. ಇದ್ದಬದ್ದ ದುಡ್ಡೆಲ್ಲ ಹಾಕಿ ಸಾಲ ಆದಷ್ಟು ಕಡಿಮೆ ಮಾಡೋಣ ಎನ್ನುವುದು ನಮ್ಮ ಮೊದಲ ಯೋಚನೆ. ನಾನು ಈಗ ಉಲ್ಟಾ ಹೊಡೆದೆ. ಬ್ಯಾಂಕು ಮಂಜೂರು ಮಾಡಿದ ಅಷ್ಟೂ ಸಾಲ ತೆಗೆಯೋಣ, ಆರು ತಿಂಗಳ ಕಂತು ಮತ್ತು ಮನೆಖರ್ಚಿಗೆ ಆಗುವಷ್ಟು ದುಡ್ಡು ಮುಟ್ಟುವುದು ಬೇಡ ಅಂದೆ. "ಬಡ್ಡಿ ದಂಡ ಅಲ್ವೇನೇ?" ಅಂದರು ನನ್ನ ಮಾವ. ದಂಡವೇ ಸರಿ. ಆದರೆ ಗೋಡೆಗೆ ಹಾಕಿದ ದುಡ್ಡನ್ನು ಕೆಲಸ ಹೋದ ತಿಂಗಳು ವಾಪಸ್ ತೆಗೆಯೋದು ಹೇಗೆ? ಬೇಕಾದಾಗ ಸಾಲ ತೀರಿಸಬಹುದು, ಬೇಕಾದಾಗ ಸಾಲ ಸಿಗುವುದಿಲ್ಲ. ಕೆಲಸ ಕಳೆದುಕೊಂಡವರಿಗಂತೂ ಸಿಗುವುದೇ ಇಲ್ಲ. ಮಾವ ಒಪ್ಪಲಿಲ್ಲ, ಸುಮ್ಮನಾದರು.

ಕಂಪನಿಯಿಂದ ಬ್ಯಾಂಕಿಗೆ ಉತ್ತರ ಹೋಯಿತು. ಚೆಕ್ ಬಂತು. ರಿಜಿಸ್ಟ್ರೇಷನ್ ದಿನ ನೆನಪಿಡುವಂಥದ್ದೇನೂ ನಡೆಯಲಿಲ್ಲ. ಕಾದೆವು, ಸಹಿ ಹಾಕಿದೆವು, ಬಂದೆವು.

ಸ್ವಲ್ಪ ದಿನಕ್ಕೆ ಪಕ್ಕದ ತಂಡದಲ್ಲಿ ಕೆಲವರನ್ನು ತೆಗೆದರು. ನನ್ನ ಹೆಸರು ಇರಲಿಲ್ಲ. ಅವರಲ್ಲಿ ಒಬ್ಬಳು ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದಳು. ಅಷ್ಟರಲ್ಲಿ ಬಡ್ಡಿ ಮತ್ತೆ ಏರಿತ್ತು. ಬ್ಯಾಂಕು ನಮ್ಮನ್ನು ಕೇಳದೆ ಸಾಲದ ಅವಧಿ ಹಿಗ್ಗಿಸಿ ಮೆಸೇಜ್ ಕಳಿಸಿತು. ಅವಧಿ ಮೊದಲಿನಷ್ಟೇ ಇರಲಿ, ಕಂತು ಹೆಚ್ಚಿಸಿ ಎಂದು ಬರೆದುಕೊಟ್ಟು ಬಂದೆ. ನನ್ನ ಗಂಡ ಇವತ್ತಿಗೂ ಅದಕ್ಕೆ ಗೊಣಗುತ್ತಾರೆ.