ನೊರೆಯಿಲ್ಲದ ತಲೆಸ್ನಾನ

ಶಿವರಾತ್ರಿಯ ಮರುದಿನ ಬೆಳಿಗ್ಗೆ ಶಾಂಪೂ ಬಾಟಲಿಯನ್ನು ಬಚ್ಚಲಿನ ಗೂಡಿನಿಂದ ತೆಗೆದು ಅಡುಗೆಮನೆಯ ಸಿಂಕಿನ ಕೆಳಗೆ ಇಟ್ಟೆ. ಕೈಗೆ ಸಿಗುವಲ್ಲಿ ಇದ್ದರೆ ಮನಸ್ಸು ಗಟ್ಟಿಯಾಗಿ ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಅಂದಿನಿಂದ ಯುಗಾದಿಯವರೆಗೆ, ಅಂದರೆ ಸರಿಸುಮಾರು ಒಂದು ತಿಂಗಳು, ತಲೆಯನ್ನು ಕಂಡೀಷನರಿನಿಂದ ಮಾತ್ರ ತೊಳೆಯಬೇಕೆಂದು ನಿಶ್ಚಯಿಸಿಕೊಂಡಿದ್ದೆ. ವಾರಕ್ಕೆ ಎರಡು ತಲೆಸ್ನಾನದ ಲೆಕ್ಕದಲ್ಲಿ ಎಂಟೋ ಒಂಬತ್ತೋ ಸಲ. ಕೇಳುವುದಕ್ಕೆ ಇಷ್ಟೇ. ಆದರೆ ಈ ಪದ್ಧತಿಯಲ್ಲಿ ಹೊಂದಿಕೊಳ್ಳಬೇಕಾದದ್ದು ಕೂದಲಿಗಿಂತ ಹೆಚ್ಚಾಗಿ ಕೈ ಎಂಬುದು ನನಗೆ ತಿಳಿದದ್ದು ಆ ತಿಂಗಳ ಕೊನೆಯ ದಿನ, ಊರಿನ ಬಚ್ಚಲುಮನೆಯಲ್ಲಿ.

ನನ್ನದು ಗುಂಗುರು ಕೂದಲು. ಬಿಚ್ಚಿದರೆ ಬೆನ್ನಿನ ನಡುವಿನವರೆಗೆ ಬರುತ್ತದೆ. ತೀರ್ಥಹಳ್ಳಿಯ ಕಡೆಯ ನಮ್ಮ ಊರಿನಲ್ಲಿ ಇದ್ದಷ್ಟು ದಿನ ಅದರ ಬಗ್ಗೆ ನಾನು ಯೋಚಿಸಿದವಳೇ ಅಲ್ಲ. ಬೆಂಗಳೂರಿಗೆ ಬಂದು, ಕಾವೇರಿ ನೀರು ಇನ್ನೂ ತಲುಪದ ಬಡಾವಣೆಯೊಂದರಲ್ಲಿ ಬಾಡಿಗೆಮನೆ ಹಿಡಿದ ಮೇಲೆ ತೊಂದರೆ ಶುರುವಾಯಿತು. ಅಲ್ಲಿ ಬೋರ್‌ವೆಲ್ ನೀರು, ಅದು ಸಾಲದಿದ್ದರೆ ಟ್ಯಾಂಕರ್ ನೀರು. ನಲ್ಲಿಯ ಬಾಯಿಗೆ ವಾರದೊಳಗೆ ಬಿಳಿಯ ಉಪ್ಪು ಕಟ್ಟುತ್ತಿತ್ತು. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಿಕೊಳ್ಳಬಹುದು. ನಮ್ಮ ಕಟ್ಟಡದ ನೀರಿನ ವರದಿ ಆ ಎರಡನೆಯ ಸಂಖ್ಯೆಯ ಹತ್ತಿರದಲ್ಲೇ ಇತ್ತು. ಅಂಥ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೂದಲಿಗೂ ಹತ್ತಿಕೊಳ್ಳುತ್ತದೆ. ಶಾಂಪೂ ಹಾಕಿ ತೊಳೆದ ದಿನ ನನ್ನ ಕೂದಲು ತೆಂಗಿನ ನಾರಿನಂತೆ ಬಿರುಸಾಗಿರುತ್ತಿತ್ತು. ಬಾಚಣಿಗೆ ಅರ್ಧದಲ್ಲೇ ನಿಲ್ಲುತ್ತಿತ್ತು. ಸಿಕ್ಕು ಬಿಡಿಸಿ ಮುಗಿಯುವಷ್ಟರಲ್ಲಿ ತುಂಡು ಕೂದಲೆಲ್ಲ ಮಡಿಲಲ್ಲಿ ಬಿದ್ದಿರುತ್ತಿತ್ತು. ಬುಡಸಮೇತ ಉದುರಿದ ಕೂದಲು ಅಷ್ಟಾಗಿ ಇರುತ್ತಿರಲಿಲ್ಲ, ನಡುವೆ ಮುರಿದದ್ದೇ ಹೆಚ್ಚು. ಇದು ನನಗೆ ನಿಜವಾಗಿಯೂ ದುಃಖ ಕೊಡುತ್ತಿದ್ದ ಸಂಗತಿ.

ಕಂಡೀಷನರಿನಿಂದಲೇ ತಲೆ ತೊಳೆಯಬಹುದೆಂದು ಮೊದಲು ಹೇಳಿದವಳು ಕಚೇರಿಯ ಗೆಳತಿ. ಅವಳದೂ ನನ್ನಂಥದೇ ಕೂದಲು. ನ್ಯೂಯಾರ್ಕಿನ ಕೇಶ ವಿನ್ಯಾಸಕಿ ಲೊರೇನ್ ಮ್ಯಾಸಿ 2001ರಲ್ಲಿ ಗುಂಗುರು ಕೂದಲಿನವರಿಗಾಗಿ ಬರೆದು ಪ್ರಚಾರಕ್ಕೆ ತಂದ ಪದ್ಧತಿಯಲ್ಲಿ ಇದೂ ಒಂದು ಭಾಗ. ಅದರ ಹಿಂದಿನ ತರ್ಕ ಸರಳವಾಗಿದೆ. ನೆತ್ತಿಯ ಗ್ರಂಥಿಗಳು ಸ್ರವಿಸುವ ಜಿಡ್ಡು ನೇರವಾದ ಕೂದಲಿನಲ್ಲಿ ಸುಲಭವಾಗಿ ತುದಿಯತ್ತ ಇಳಿಯುತ್ತದೆ, ಗುಂಗುರು ಕೂದಲಿನಲ್ಲಿಯಾದರೋ ತಿರುವುಗಳನ್ನು ದಾಟಲಾರದೆ ಬುಡದ ಸುತ್ತಲೇ ಉಳಿದುಬಿಡುತ್ತದೆ. ಹೀಗೆ ಮೊದಲೇ ಒಣಗಿರುವ ತುದಿಗಳ ಮೇಲೆ ಶಾಂಪೂವಿನಲ್ಲಿರುವ ಸೋಡಿಯಂ ಲಾರೆತ್ ಸಲ್ಫೇಟಿನಂಥ ಬಲವಾದ ಮಾರ್ಜಕ ಹರಿದರೆ ಅಲ್ಲಿ ಇದ್ದಬದ್ದ ಪಸೆಯೂ ಹೋಗುತ್ತದೆ. ಕಂಡೀಷನರಿನಲ್ಲಿ ಸೀಟೈಲ್ ಆಲ್ಕೊಹಾಲ್, ಸೀಟಿಯರಿಲ್ ಆಲ್ಕೊಹಾಲ್ ಎಂಬ ಮೇಣದಂಥ ಕೊಬ್ಬಿನ ಪದಾರ್ಥಗಳಿರುತ್ತವೆ. ಹೆಸರಿನಲ್ಲಿ ಆಲ್ಕೊಹಾಲ್ ಇದ್ದರೂ ಅವು ಕೂದಲನ್ನು ಒಣಗಿಸುವುದಿಲ್ಲ. ಜೊತೆಗೆ ಬೆಹೆಂಟ್ರಿಮೋನಿಯಂ ಕ್ಲೋರೈಡಿನಂಥ, ಧನ ವಿದ್ಯುದಂಶವುಳ್ಳ ಪದಾರ್ಥವೊಂದಿರುತ್ತದೆ. ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಅದು ಕೂದಲಿಗೆ ಅಂಟಿ ನುಣುಪು ಕೊಡುತ್ತದೆ, ಜಿಡ್ಡನ್ನೂ ಸ್ವಲ್ಪ ಮಟ್ಟಿಗೆ ನೀರಿನೊಂದಿಗೆ ಬೆರೆಸುತ್ತದೆ. ಸ್ವಲ್ಪ ಮಟ್ಟಿಗೆ ಮಾತ್ರ ಎಂಬುದನ್ನು ನಾನು ಆಗ ಗಮನಿಸಲಿಲ್ಲ.

ಮೊದಲ ಸ್ನಾನದಲ್ಲಿ ನನಗಾದ ಗಲಿಬಿಲಿ ಇಂದಿಗೂ ನೆನಪಿದೆ. ಮೊದಲೆಲ್ಲ ಒಂದು ಚಮಚದಷ್ಟು ಕಂಡೀಷನರನ್ನು ತುದಿಗಷ್ಟೇ ಸವರುತ್ತಿದ್ದವಳು ಈಗ ಅಂಗೈ ತುಂಬ ಸುರಿದುಕೊಂಡು ನೆತ್ತಿಗೆ ಹಚ್ಚಿದೆ. ನೊರೆ ಬರಲಿಲ್ಲ. ಬರುವುದಿಲ್ಲವೆಂದು ತಿಳಿದಿದ್ದರೂ ಬೆರಳುಗಳು ಅದನ್ನೇ ಹುಡುಕುತ್ತಿದ್ದವು. ನೊರೆ ಎಷ್ಟು ಬಂದಿದೆ ಎಂಬುದರ ಮೇಲೆ ಎಷ್ಟು ಹೊತ್ತು ಉಜ್ಜಬೇಕು, ಯಾವಾಗ ನೀರು ಹಾಕಬೇಕು ಎಂದು ತೀರ್ಮಾನಿಸುವ ರೂಢಿ ಚಿಕ್ಕಂದಿನಿಂದ ಬಂದದ್ದು. ಆ ಗುರುತು ಇಲ್ಲವಾದ ಕೂಡಲೇ ನಾನು ಎಲ್ಲವನ್ನೂ ಅಂದಾಜಿನ ಮೇಲೆ ಮಾಡತೊಡಗಿದೆ. ಎರಡು ನಿಮಿಷ ಸವರಿ, ನಾಲ್ಕು ಮಗ್ ನೀರು ಹಾಕಿಕೊಂಡು ಹೊರಗೆ ಬಂದೆ. ಕೂದಲು ಒಣಗಿದಾಗ ಮೆತ್ತಗಿತ್ತು, ಸಿಕ್ಕು ಬೆರಳಿನಲ್ಲಿಯೇ ಬಿಟ್ಟಿತು. ಆ ಸಂಜೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಎರಡು ವಾರ ಹೀಗೆಯೇ ಕಳೆಯಿತು. ಮೂರನೆಯ ವಾರದ ಹೊತ್ತಿಗೆ ನೆತ್ತಿಯ ಕೂದಲು ಎಳೆ ಎಳೆಯಾಗಿ ಒಂದಕ್ಕೊಂದು ಅಂಟಿಕೊಳ್ಳತೊಡಗಿತು. ಬೈತಲೆಯ ಎರಡೂ ಬದಿ ಒದ್ದೆಯಾದಂತೆ ಕಾಣುತ್ತಿತ್ತು. ಹಿಂದಲೆಯಲ್ಲಿ ತುರಿಕೆ ಹತ್ತಿತು. ಉಗುರಿನಿಂದ ಕೆರೆದರೆ ಮೇಣದಂಥ ಬಿಳಿ ಪದಾರ್ಥ ಉಗುರಿನ ಸಂದಿಗೆ ಬರುತ್ತಿತ್ತು. ಇದು ಹೊಂದಿಕೊಳ್ಳುವ ಕಾಲ, ತಾಳ್ಮೆಯಿಂದಿದ್ದರೆ ನೆತ್ತಿ ತಾನಾಗಿಯೇ ಜಿಡ್ಡು ಬಿಡುವುದನ್ನು ಕಡಿಮೆ ಮಾಡುತ್ತದೆ ಎಂದು ಗೆಳತಿ ಧೈರ್ಯ ಹೇಳಿದಳು. ನನಗೆ ಸಮಾಧಾನವಾಗದೆ ಚರ್ಮರೋಗದ ವೈದ್ಯೆಯೊಬ್ಬರ ಬಳಿಗೆ ಹೋದೆ. ಅವರು ತಲೆಯನ್ನು ಭಾಗ ಮಾಡಿ ಮಾಡಿ ನೋಡಿ, ಹೊಟ್ಟು ಇಲ್ಲ, ಬರೀ ಹಚ್ಚಿದ್ದು ಉಳಿದುಕೊಂಡಿದೆ ಎಂದರು. ಜಿಡ್ಡಿನ ಗ್ರಂಥಿಗಳು ಮುಖ್ಯವಾಗಿ ಹಾರ್ಮೋನುಗಳ ಹತೋಟಿಯಲ್ಲಿರುತ್ತವೆ, ಯಾವುದರಿಂದ ತೊಳೆಯುತ್ತೀರೆಂದು ನೋಡಿಕೊಂಡು ಅವು ಕೆಲಸ ಬದಲಿಸುವುದಿಲ್ಲ ಎಂದೂ ಹೇಳಿದರು. ಹೊಟ್ಟಿನ ತೊಂದರೆ ಇರುವವರ ನೆತ್ತಿಯಲ್ಲಿ ಮಲಸೇಜಿಯಾ ಎಂಬ ಶಿಲೀಂಧ್ರ ಜಿಡ್ಡನ್ನೇ ಉಂಡು ಬೆಳೆಯುವುದರಿಂದ ಅಂಥವರು ಈ ಪ್ರಯೋಗಕ್ಕೆ ಇಳಿಯಬಾರದೆಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ತಲೆ ತೊಳೆಯುವುದಕ್ಕೆಂದೇ ತಯಾರಿಸಿದ ಒಂದು ಬಗೆಯ ಕಂಡೀಷನರಿನಿಂದ ಕೂದಲು ಉದುರಿತು, ತುರಿಕೆಯಾಯಿತು ಎಂಬ ದೂರುಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಪ್ರಕಟಿಸಿ ವಿಚಾರಣೆ ನಡೆಸಿದ ವಿಷಯವೂ ಆ ದಿನಗಳಲ್ಲೇ ನನ್ನ ಕಣ್ಣಿಗೆ ಬಿತ್ತು. ಹೆದರಿಕೆಯಾಯಿತೆಂದೇ ಹೇಳಬೇಕು.

ಮನೆಗೆ ಬಂದು ಬಾಟಲಿಯ ಹಿಂದಿನ ಸಣ್ಣಕ್ಷರಗಳನ್ನು ಮೊದಲ ಬಾರಿಗೆ ಓದಿದೆ. ಪಟ್ಟಿಯ ಮೂರನೆಯ ಹೆಸರೇ ಡೈಮೆಥಿಕೋನ್. ಇದೊಂದು ಸಿಲಿಕೋನ್, ನೀರಿನಲ್ಲಿ ಕರಗುವುದಿಲ್ಲ, ಕೂದಲ ಮೇಲೆ ತೆಳುವಾದ ಪದರವಾಗಿ ಕೂರುತ್ತದೆ. ಶಾಂಪೂ ಬಳಸುವವರಿಗೆ ಅದರಿಂದ ಅಷ್ಟು ಬಾಧಕವಿಲ್ಲ, ಮುಂದಿನ ತಲೆಸ್ನಾನದಲ್ಲಿ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಶಾಂಪೂವನ್ನೇ ಬಿಟ್ಟ ನನ್ನ ತಲೆಯಲ್ಲಿ ಅದು ಒಂದರ ಮೇಲೊಂದು ಪದರ ಕಟ್ಟುತ್ತಿತ್ತು. ಅಂದೇ ಸಿಲಿಕೋನ್ ಇಲ್ಲದ ಕಂಡೀಷನರ್ ತಂದೆ. ಆದರೂ ತುರಿಕೆ ಅರ್ಧದಷ್ಟು ಕಡಿಮೆಯಾಯಿತೇ ಹೊರತು ನೆತ್ತಿ ಹಗುರಾಗಲಿಲ್ಲ. ಅಷ್ಟರಲ್ಲಿ ಯುಗಾದಿ ಬಂತು, ಊರಿಗೆ ಹೊರಟೆ.

ಯುಗಾದಿಯೆಂದರೆ ಎಣ್ಣೆಸ್ನಾನ. ಬೆಳಗಿನ ಜಾವ ಅಮ್ಮ ಗರಿಕೆಯಿಂದ ನೆತ್ತಿಗೆ ಎಣ್ಣೆ ಮುಟ್ಟಿಸಿ ಶಾಸ್ತ್ರ ಮುಗಿಸಿದ ಮೇಲೆ, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆಯನ್ನು ಬಟ್ಟಲಿನಿಂದ ಸುರಿದು ತಲೆಗೆ ಒತ್ತತೊಡಗಿದಳು. ಎರಡು ಸಲ ಕೈಯಾಡಿಸಿ ನಿಲ್ಲಿಸಿದಳು.

"ಎಂತ ಮಾರಾಯ್ತಿ ಇದು, ಎಣ್ಣೆ ಹಾಕುವ ಮೊದಲೇ ತಲೆ ಅಂಟಂಟಾಗಿದೆ?"

ನಾನು ಎಲ್ಲವನ್ನೂ ಹೇಳಿದೆ. ಬಚ್ಚಲಿನಲ್ಲಿ ಅಡಿಕೆ ಸಿಪ್ಪೆಯ ಉರಿಗೆ ಹಂಡೆಯ ನೀರು ಕಾಯುತ್ತಿತ್ತು. ಪಕ್ಕದಲ್ಲಿ ಎರಡು ಪಾತ್ರೆ: ಒಂದರಲ್ಲಿ ಕಲಸಿದ ಸೀಗೆಪುಡಿ, ಇನ್ನೊಂದರಲ್ಲಿ ಗೊಂಪು. ದಾಸವಾಳದ ಎಲೆಗಳನ್ನು ನೀರಿಗೆ ಹಾಕಿ ಕಿವುಚಿ ಕಿವುಚಿ, ಬಟ್ಟೆಯಲ್ಲಿ ಸೋಸಿ ತೆಗೆಯುವ ಹಸಿರು ಲೋಳೆಗೆ ನಮ್ಮ ಕಡೆ ಗೊಂಪು ಎನ್ನುತ್ತಾರೆ. ಎಣ್ಣೆ ಹಾಕಿದ ದಿನ ಸೀಗೆ, ಅದರ ಮೇಲೆ ಗೊಂಪು. ಎಣ್ಣೆಯಿಲ್ಲದ ದಿನ ಬರೀ ಗೊಂಪು. ನನ್ನ ಬಾಲ್ಯದ ತಲೆಸ್ನಾನಗಳೆಲ್ಲ ಹೀಗೆಯೇ ಆಗಿದ್ದವು. ಅಮ್ಮ ಸೀಗೆಯ ಪಾತ್ರೆಗೆ ಕೈಹಾಕುವುದರಲ್ಲಿದ್ದಳು. ಇವತ್ತಿಗೆ ನನ್ನ ಒಂದು ತಿಂಗಳು ತುಂಬುತ್ತದೆ, ಇದೊಂದು ಸಲ ಕಂಡೀಷನರಿನಲ್ಲೇ ನೋಡೋಣ ಎಂದು ಬೇಡಿಕೊಂಡೆ. ಅವಳು ಬಾಟಲಿಯಿಂದ ಸ್ವಲ್ಪ ತೆಗೆದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎಳೆದು ನೋಡಿದಳು.

"ನೊರೆ ಬರುವುದಿಲ್ಲ ಅಲ್ವಾ?"

"ಇಲ್ಲಮ್ಮ."

"ಹಾಗಾದ್ರೆ ಇದೂ ಗೊಂಪಿನ ಜಾತಿಯದ್ದೇ. ನೊರೆ ಬಾರದ್ದಕ್ಕೆ ಕೈಯೇ ಕೆಲಸ ಮಾಡಬೇಕು. ಮೇಲೆ ಮೇಲೆ ಸವರಿದ್ರೆ ಎಂತ ಹೋಗ್ತದೆ? ಕೂತ್ಕೋ."

ಮುಂದಿನ ಕಾಲು ಗಂಟೆಯನ್ನು ನಾನು ಮನಸ್ಸಿಟ್ಟು ಗಮನಿಸಿದೆ. ಅವಳು ತಲೆಗೆ ನೀರು ಹಾಕಲೇ ಇಲ್ಲ. ಎಣ್ಣೆಯ ಮೇಲೆಯೇ, ಕೂದಲು ಒಣಗಿದ್ದ ಹಾಗೆಯೇ, ಕಂಡೀಷನರನ್ನು ಹಚ್ಚಿದಳು. ಕೂದಲನ್ನು ನಾಲ್ಕು ಪಾಲು ಮಾಡಿ ಮೂರನ್ನು ಮೇಲಕ್ಕೆ ಸುತ್ತಿ ಸಿಕ್ಕಿಸಿದಳು. ಶುರುಮಾಡಿದ್ದು ನಾನು ಯಾವಾಗಲೂ ಕೊನೆಗೆ ಮುಟ್ಟುತ್ತಿದ್ದ ಜಾಗದಿಂದ, ಹೆಡಕಿನ ಮೇಲಿನಿಂದ. ಉಗುರು ತಾಗದಂತೆ ಬೆರಳ ತುದಿಯ ಮೆತ್ತನೆಯ ಭಾಗವನ್ನು ಬುಡಕ್ಕೆ ಒತ್ತಿ ಹಿಡಿದು, ಚರ್ಮವೇ ಅಲುಗುವಂತೆ, ಒಂದು ಅಂಗುಲದಷ್ಟು ಜಾಗದಲ್ಲಿ ಹಿಂದೆ ಮುಂದೆ ಆಡಿಸುತ್ತಿದ್ದಳು. ಅಲ್ಲಿ ಕೂದಲು ಜಾರತೊಡಗಿದ ಮೇಲೆ ಮಾತ್ರ ಬೆರಳು ಮುಂದಿನ ಅಂಗುಲಕ್ಕೆ ಸರಿಯುತ್ತಿತ್ತು. ನಾಲ್ಕೂ ಪಾಲು ಮುಗಿದ ನಂತರ ಅರ್ಧ ಚೊಂಬು ಬಿಸಿನೀರು ಹಾಕಿ ಮತ್ತೆ ಉಜ್ಜಿದಳು. ಆಗ ಹಣೆಯ ಮೇಲಿಂದ ಇಳಿದು ಬಚ್ಚಲ ಕಲ್ಲಿನ ಮೇಲೆ ಹರಿದ ನೀರು ತೆಳುವಾದ ಮಜ್ಜಿಗೆಯಂತೆ ಬೆಳ್ಳಗಿತ್ತು. ಎಣ್ಣೆಯ ಹನಿ ಬೇರೆಯಾಗಿ ತೇಲುತ್ತಿರಲಿಲ್ಲ. ಕಂಡೀಷನರಿನಲ್ಲಿರುವ ಪದಾರ್ಥ ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಸುವುದೆಂದರೆ ಇದೇ ಎಂದು ನನಗೆ ಕಣ್ಣಾರೆ ಕಂಡದ್ದು ಆಗ. ಮೊದಲೇ ತಲೆ ತುಂಬ ನೀರು ಹಾಕಿಕೊಂಡಿದ್ದರೆ ಅದು ಎಣ್ಣೆಯನ್ನು ಇಷ್ಟು ಚೆನ್ನಾಗಿ ಹಿಡಿಯುತ್ತಿರಲಿಲ್ಲ.

ನೀರು ಹಾಕುವ ರೀತಿಯೂ ಬೇರೆಯಾಗಿತ್ತು. ನಾನು ನೀರು ಸುರಿದುಕೊಂಡ ಮೇಲೆ ಕೈಯಾಡಿಸುತ್ತಿದ್ದೆ. ಅವಳು ಎಡಗೈಯಲ್ಲಿ ಚೊಂಬು ಬಗ್ಗಿಸುತ್ತಿರುವಾಗಲೇ ಬಲಗೈ ಬೆರಳುಗಳು ಬುಡದಲ್ಲಿ ಓಡಾಡುತ್ತಿದ್ದವು. ನೀರು ನಿಂತರೆ ಬೆರಳೂ ನಿಲ್ಲುತ್ತಿತ್ತು. ಹೀಗೆ ಹನ್ನೆರಡು ಚೊಂಬು. ಕೊನೆಗೆ ಒಂದು ಎಳೆಯನ್ನು ಬುಡದಿಂದ ತುದಿಯವರೆಗೆ ಎರಡು ಬೆರಳಿನ ನಡುವೆ ಎಳೆದು ಪರೀಕ್ಷಿಸಿ, ಎಡಕಿವಿಯ ಹಿಂದೆ ಇನ್ನೂ ಎಣ್ಣೆಯಿದೆಯೆಂದು ಅಲ್ಲಿಗಷ್ಟೇ ಮತ್ತೊಮ್ಮೆ ಹಚ್ಚಿ ತೊಳೆದಳು.

ಜಗಲಿಯ ಬಿಸಿಲಿನಲ್ಲಿ ಕೂದಲು ಒಣಗುವಷ್ಟರಲ್ಲಿ ಬೇವು ಬೆಲ್ಲವಾಗಿತ್ತು. ತಲೆ ಹಗುರಾಗಿತ್ತು. ನೆತ್ತಿಯ ಕೂದಲು ಎಳೆ ಎಳೆಯಾಗಿ ಬಿಡಿಸಿಕೊಂಡು ನಿಂತಿತ್ತು, ಕೆಳಗಿನ ಗುಂಗುರುಗಳು ಒಂದೊಂದಾಗಿ ಸುತ್ತಿಕೊಂಡಿದ್ದವು. ಎಣ್ಣೆ ಪೂರ್ತಿ ಹೋಗಿತ್ತೆಂದು ಹೇಳಲಾರೆ, ತುದಿಯಲ್ಲಿ ಸ್ವಲ್ಪ ಪಸೆ ಇತ್ತು. ಆದರೆ ಒಣಗಿದ ತುದಿಗಳಿಗೆ ಅದು ಬೇಕಾಗಿಯೂ ಇತ್ತು. ಮೂರನೆಯ ವಾರದಿಂದ ನಾನು ಯಾವುದನ್ನು ಕೂದಲಿನ ತಪ್ಪೆಂದೋ ಕಂಡೀಷನರಿನ ತಪ್ಪೆಂದೋ ಎಣಿಸಿದ್ದೆನೋ ಅದರಲ್ಲಿ ಹೆಚ್ಚಿನ ಪಾಲು ಆ ಎರಡು ನಿಮಿಷದ ಸವರುವಿಕೆಯದ್ದಾಗಿತ್ತು. ನೊರೆಯುಳ್ಳ ಮಾರ್ಜಕ ಬೆರಳು ಹೋಗದ ಕಡೆಗೂ ತಾನೇ ಹರಿದು ಜಿಡ್ಡನ್ನು ಎತ್ತುತ್ತದೆ. ಕಂಡೀಷನರ್ ಹಚ್ಚಿದಲ್ಲಿ ಇರುತ್ತದೆ, ಉಜ್ಜಿದಲ್ಲಿ ಮಾತ್ರ ತೊಳೆಯುತ್ತದೆ.

ಆದರೂ ನೀರಿನ ಪಾಲನ್ನು ಮರೆಯುವಂತಿಲ್ಲ. ನಮ್ಮೂರಿನದು ಜಂಬಿಟ್ಟಿಗೆ ನೆಲದ ಬಾವಿಯ ನೀರು. ಬೇಳೆ ಬೇಗ ಬೇಯುತ್ತದೆ, ಸೋಪು ಮುಟ್ಟಿದರೆ ನೊರೆಯಾಗುತ್ತದೆ. ಬೆಂಗಳೂರಿಗೆ ಮರಳಿದ ಮೇಲೆ ಭಾನುವಾರ ಅದೇ ಕಂಡೀಷನರನ್ನು ಅದೇ ಕ್ರಮದಲ್ಲಿ ಹಚ್ಚಿ, ಅಷ್ಟೇ ಹೊತ್ತು ಉಜ್ಜಿ ತೊಳೆದೆ. ನೆತ್ತಿ ಸ್ವಚ್ಛವಾಯಿತು, ತುರಿಕೆ ನಿಂತಿತು. ಕೂದಲು ಮಾತ್ರ ಊರಿನಲ್ಲಿ ಆದಷ್ಟು ಮೆತ್ತಗಾಗಲಿಲ್ಲ. ಈಗ ಕೊನೆಯ ಎರಡು ಚೊಂಬು ನೀರನ್ನು ಕುಡಿಯುವ ನೀರಿನ ಕ್ಯಾನಿನಿಂದ ತೆಗೆದುಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಸಲ್ಫೇಟ್ ಇರುವ ಶಾಂಪೂವನ್ನೇ ಹಾಕಿ ಉಳಿದದ್ದನ್ನೆಲ್ಲ ತೆಗೆಯುತ್ತೇನೆ. ಇದನ್ನು ವ್ರತಭಂಗವೆಂದು ಭಾವಿಸುವ ಕಟ್ಟುನಿಟ್ಟಿನವರಿದ್ದಾರೆ, ಅವರ ಮಾತನ್ನು ನಾನು ಒಪ್ಪುವುದಿಲ್ಲ. ತೆಳುವಾದ, ನೇರವಾದ, ಬೇಗ ಜಿಡ್ಡಾಗುವ ಕೂದಲಿನವರಿಗೆ ಈ ಪದ್ಧತಿಯನ್ನು ನಾನು ಹೇಳುವುದೂ ಇಲ್ಲ. ತಂಗಿಯ ಕೂದಲು ಹಾಗಿದೆ. ಅವಳು ಒಮ್ಮೆ ಮಾಡಿ ನೋಡಿ ಮರುದಿನವೇ ಶಾಂಪೂ ಹಾಕಿಕೊಂಡಳು, ಅದು ಸರಿಯೇ.

ಈಗ ಒಂದು ತಲೆಸ್ನಾನಕ್ಕೆ ಇಪ್ಪತ್ತು ನಿಮಿಷಕ್ಕೂ ಮೇಲೆ ಬೇಕು. ಆದ್ದರಿಂದ ಬುಧವಾರಗಳಂದು ಅರ್ಧ ಗಂಟೆ ಬೇಗ ಏಳುತ್ತೇನೆ. ಮಡಿಲಿಗೆ ಬೀಳುವ ತುಂಡು ಕೂದಲು ತೀರ ಕಡಿಮೆಯಾಗಿದೆ. ನನ್ನ ಕೈ ನನ್ನದೇ ತಲೆಯ ಹಿಂಭಾಗಕ್ಕೆ ಅಮ್ಮನ ಕೈಯಷ್ಟು ಸಲೀಸಾಗಿ ಹೋಗುವುದಿಲ್ಲವಾದ್ದರಿಂದ ಎಡಕಿವಿಯ ಹಿಂದೆ ಒಂದೊಂದು ಸಲ ಜಿಡ್ಡು ಉಳಿಯುತ್ತದೆ. ಫೋನು ಮಾಡಿದಾಗ ಅವಳು ಕೇಳುವುದೂ ಆ ಜಾಗದ ಬಗ್ಗೆಯೇ.