ಅಜ್ಜಿಯ ಬಲಗಣ್ಣು

ಕಣ್ಣಿನ ಶಿಬಿರಕ್ಕೆ ಒಂದು ಸಲ ಹೋಗಿ ಬಂದರೆ ಅರ್ಧ ಕೆಲಸವೂ ಮುಗಿಯುವುದಿಲ್ಲ ಎಂದು ನಂಬಿದವಳು ನಾನು. ಟ್ರಕೋಮಾ ಇರುವ ಊರುಗಳಲ್ಲಂತೂ ಇದು ಇನ್ನೂ ನಿಜ. ಮಕ್ಕಳಲ್ಲಿ ಈ ರೋಗ ಕೆಂಗಣ್ಣು, ಗೀಜಿನಿಂದ ಶುರುವಾಗುತ್ತದೆ. ಸೋಂಕು ಮತ್ತೆ ಮತ್ತೆ ತಗಲಿ ರೆಪ್ಪೆಯ ಒಳಮೈ ಕಲೆಗಟ್ಟುತ್ತದೆ. ವರ್ಷಗಳು ಕಳೆದಂತೆ ಆ ಕಲೆ ಬಿಗಿದುಕೊಂಡು ರೆಪ್ಪೆಯ ಅಂಚನ್ನು ಒಳಕ್ಕೆ ಎಳೆಯುತ್ತದೆ. ಆಮೇಲೆ ಕಣ್ಣು ಮಿಟುಕಿಸಿದಾಗಲೆಲ್ಲ ಎವೆಗೂದಲು ಕರಿಗುಡ್ಡೆಯನ್ನು ಗೀರುತ್ತಲೇ ಇರುತ್ತದೆ. ಆಪರೇಷನ್ ಮಾಡಿ ಅಂಚನ್ನು ಹೊರಕ್ಕೆ ತಿರುಗಿಸಬಹುದು, ಆದರೆ ಅದು ಕೆಲವರಲ್ಲಿ ವರ್ಷದೊಳಗೇ ಮತ್ತೆ ಒಳಕ್ಕೆ ಹೊರಳುತ್ತದೆ. ಯಾರಿಗೆ ಹೊರಳಿತು ಎಂದು ನೋಡಲು ಯಾರೂ ಹೋಗದಿದ್ದರೆ, ನಮ್ಮ ರಿಜಿಸ್ಟರಿನಲ್ಲಿ ಗುಣವಾದವರ ಸಾಲಿನಲ್ಲಿ ಇರುವ ಹೆಂಗಸು ತನ್ನ ಮನೆಯೊಳಗೆ ಕೂತು ಕುರುಡಾಗುತ್ತಿರುತ್ತಾಳೆ.

2024ರ ಜುಲೈಯಲ್ಲಿ ನಾವು ಮತ್ತೆ ಮಾಗಡಿ ದಾರಿ ಹಿಡಿದದ್ದು ಇದಕ್ಕಾಗಿಯೇ. ಕೆಂಪೇಗೌಡರ ಮಾಗಡಿಯಲ್ಲ, ಕೆನ್ಯಾದ ಕಜಿಯಾಡೊ ಕೌಂಟಿಯ ಮಾಗಡಿ. ಗಂಡನ ಕೆಲಸದ ಕಾರಣಕ್ಕೆ ನಾನು ನೈರೋಬಿಗೆ ಬಂದವಳು. ಬೆಂಗಳೂರಿನಲ್ಲಿ ಕಣ್ಣಿನ ತಪಾಸಣೆಯ ಕೆಲಸ ಕಲಿತಿದ್ದೆನಾದರೂ ಅಲ್ಲಿದ್ದಷ್ಟು ದಿನ ಟ್ರಕೋಮಾವನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ನಿಜವಾದ ರೋಗಿಯ ರೆಪ್ಪೆಯನ್ನು ಮೊದಲ ಸಲ ಮಗುಚಿ ನೋಡಿದ್ದು ಇಲ್ಲಿ, ದನ ಸಾಕಿ ಬದುಕುವ ಮಸಾಯಿ ಜನರ ಹಟ್ಟಿಗಳ ನಡುವೆ.

ನೈರೋಬಿಯಲ್ಲಿ ಜುಲೈ ಎಂದರೆ ಸ್ವೆಟರ್ ಕಾಲ. ಕಿಸೇರಿಯನ್ ದಾಟಿ ಙಾಂಗ್ ಬೆಟ್ಟದ ಭುಜ ಬಳಸಿಕೊಂಡು ಇಳಿಯತೊಡಗಿದರೆ ರಸ್ತೆ ಸಾವಿರ ಮೀಟರಿಗೂ ಹೆಚ್ಚು ಕೆಳಗೆ, ರಿಫ್ಟ್ ಕಣಿವೆಯ ತಳಕ್ಕೆ ಹೋಗುತ್ತದೆ. ಆದಿಮಾನವರ ಕಲ್ಲಿನ ಕೊಡಲಿಗಳು ರಾಶಿರಾಶಿಯಾಗಿ ಸಿಕ್ಕಿದ ಒಲೊರ್ಗೆಸಾಯ್ಲಿ ಬರುವಷ್ಟರಲ್ಲಿ ಸ್ವೆಟರ್ ಸೀಟಿನ ಮೇಲಿರುತ್ತದೆ. ಮಾಗಡಿ ಸರೋವರದಲ್ಲಿ ನೀರಿಗಿಂತ ಸೋಡಾ ಕ್ಷಾರದ ಹೆಪ್ಪೇ ಹೆಚ್ಚು. ಅದನ್ನು ತೆಗೆಯುವ ಕಾರ್ಖಾನೆ ಈಗ ಟಾಟಾ ಕೆಮಿಕಲ್ಸ್‌ನದು. ನಡುಸರೋವರದ ಏರಿಯ ಮೇಲೆ ಹಾದು ಆಚೆ ದಡ ಸೇರಿದರೆ ಡಾಂಬರು ಮುಗಿಯುತ್ತದೆ. ಮುಂದೆ ಎವಾಸೊ ನ್ಗಿರೊ ನದಿ, ಅದರ ಹಿಂದೆ ನ್ಗುರುಮಾನ್ ಬೆಟ್ಟಸಾಲು. ಇವುಗಳ ನಡುವಿನ ಬಯಲಿನಲ್ಲಿದೆ ನಾನು ಹೇಳುತ್ತಿರುವ ಡಿಸ್ಪೆನ್ಸರಿ. ಅಲ್ಲಿನ ರೋಗಿಗಳ ವಿಷಯ ಬರೆಯುತ್ತಿರುವುದರಿಂದ ಊರಿನ ಹೆಸರು ಹೇಳುವುದಿಲ್ಲ.

ಹಿಂದಿನ ಸಲ ಬಂದದ್ದು ಬರಗಾಲದಲ್ಲಿ. 2020ರ ಕೊನೆಯಿಂದ ಐದು ಮಳೆಗಾಲಗಳು ಒಂದರ ಹಿಂದೊಂದು ಕೈಕೊಟ್ಟಿದ್ದವು. ರಸ್ತೆಯ ಎರಡೂ ಬದಿಗೆ ದನಗಳ ಅಸ್ಥಿಪಂಜರ ಬಿದ್ದಿತ್ತು. ಬದುಕಿದ್ದವನ್ನು ಗಂಡಸರು ಮೇವಿರುವ ಕಡೆಗೆ ಹೊಡೆದುಕೊಂಡು ಹೋಗಿದ್ದರು, ಹಟ್ಟಿಗಳಲ್ಲಿ ಉಳಿದವರು ಹೆಂಗಸರು, ಮಕ್ಕಳು, ಮುದುಕರು. ನೀರಿಗೆಂದು ಕತ್ತೆಗಳ ಬೆನ್ನಿಗೆ ಇಪ್ಪತ್ತು ಲೀಟರಿನ ಹಳದಿ ಕ್ಯಾನ್ ಕಟ್ಟಿಕೊಂಡು ಬೆಳಗಿನ ಜಾವ ಹೊರಟವರು ಬಿಸಿಲು ನೆತ್ತಿಗೇರಿದ ಮೇಲೆ ವಾಪಸಾಗುತ್ತಿದ್ದರು. ಹಾಗೆ ತಂದ ನೀರಿನಲ್ಲಿ ಮಗುವಿನ ಮುಖ ತೊಳೆಯಿರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮುಲಾಮು ಕೊಟ್ಟೆವು, ಸರ್ಕಾರದ ಕಡೆಯವರು ಅಜಿತ್ರೊಮೈಸಿನ್ ಹಂಚಿದ್ದರು. ಟ್ರಕೋಮಾಕ್ಕೆ ಆ ಮಾತ್ರೆ ವರ್ಷಕ್ಕೊಂದು ಸಲ, ಇಡೀ ಊರಿಗೆ. ಮಕ್ಕಳನ್ನು ತೂಗುವ ಬದಲು ಅಳತೆಕೋಲಿನ ಪಕ್ಕ ನಿಲ್ಲಿಸಿ ಎತ್ತರ ನೋಡಿ ಡೋಸ್ ಗೊತ್ತುಮಾಡುತ್ತಾರೆ. ಒಳ್ಳೆಯ ಔಷಧಿ, ಅನುಮಾನವಿಲ್ಲ. ಆದರೆ ಮುಖಕ್ಕೆ ನೀರಿಲ್ಲದ ಊರಿನಲ್ಲಿ ಸೋಂಕು ಮತ್ತೆ ಬರಲು ಎಷ್ಟು ದಿನ ಬೇಕು?

ಈ ಸಲದ ಬಯಲೇ ಬೇರೆ. 2023ರ ಕೊನೆಗೆ ಎಲ್ ನಿನೊ ಮಳೆ, 2024ರ ಏಪ್ರಿಲ್-ಮೇ ತಿಂಗಳಲ್ಲಿ ಪ್ರವಾಹ. ಎರಡೂ ಸೇರಿ ಹುಲ್ಲು ಮೊಣಕಾಲುದ್ದ ಎದ್ದು ಈಗ ಹೊಂಬಣ್ಣಕ್ಕೆ ತಿರುಗಿತ್ತು. ಮೇಯಲು ದನ ಮಾತ್ರ ಕಡಿಮೆ. ಒಂದು ಹಟ್ಟಿಯ ಮುಳ್ಳುಬೇಲಿಯೊಳಗೆ ಇಣುಕಿದೆ. ನೂರು ದನ ನಿಲ್ಲುವಷ್ಟು ಜಾಗದಲ್ಲಿ ಮೇಕೆಗಳು ಒಂದು ಮೂಲೆಗೆ ಸೇರಿಕೊಂಡಿದ್ದವು.

ಹೊರಡುವ ಮೊದಲೇ ವಾಟ್ಸಾಪಿನಲ್ಲಿ ಪಟ್ಟಿ ಬಂದಿತ್ತು. ಕಳಿಸಿದವಳು ಅಲ್ಲಿನ ಆರೋಗ್ಯ ಕಾರ್ಯಕರ್ತೆ, ಮಸಾಯಿ ಹೆಣ್ಣುಮಗಳು. ನಮ್ಮ ಆಶಾ ಕಾರ್ಯಕರ್ತೆಯರು ಮಾಡುವ ಕೆಲಸವನ್ನೇ ಇವರೂ ಮಾಡುತ್ತಾರೆ. 2023ರಲ್ಲಿ ಕೆನ್ಯಾ ಸರ್ಕಾರ ದೇಶದ ಉದ್ದಗಲಕ್ಕೂ ಸುಮಾರು ಒಂದು ಲಕ್ಷ ಜನ ಇಂಥವರಿಗೆ ಬಿಪಿ ಯಂತ್ರ, ಥರ್ಮಾಮೀಟರು, ಫೋನು ಇರುವ ಚೀಲ ಕೊಟ್ಟು ಗೌರವಧನ ಗೊತ್ತುಮಾಡಿತು. ಅದಕ್ಕೂ ಮೊದಲು ಇವಳು ಬರಿಗೈಯಲ್ಲೇ ಈ ಕೆಲಸ ಮಾಡಿಕೊಂಡು ಬಂದವಳು. ಪಟ್ಟಿಯಲ್ಲಿ ಟೆಟ್ರಾಸೈಕ್ಲಿನ್ ಮುಲಾಮು, ಎರಡೂವರೆ ಪವರಿನ ಓದುಗನ್ನಡಕ, ಗಾಜ್, ಪ್ಲಾಸ್ಟರ್ ಇದ್ದವು. ಕೊನೆಯಲ್ಲಿ ಒಂದು ಫೋಟೊ, ಮುರಿದ ನಲ್ಲಿಯದು. "ಇದೇ ಅಳತೆಯದು ಬೇಕು. ಬಟ್ಟೆಬರೆ, ಆಟಿಕೆ ತರಬೇಡಿ, ಕಾರಿನಲ್ಲಿ ಜಾಗ ಹಾಳು" ಎಂದು ಬರೆದಿದ್ದಳು.

ಡಿಸ್ಪೆನ್ಸರಿಯ ತಗಡಿನ ಮಾಡಿನಿಂದ ಬೀಳುವ ಮಳೆನೀರಿಗೆಂದು ದೊಡ್ಡ ಕಪ್ಪು ಟ್ಯಾಂಕ್ ಇದೆ. ಮಳೆಗೆ ಅದು ತುಂಬಿದೆ, ಬುಡದ ನಲ್ಲಿ ಮುರಿದಿದೆ. ಚಿಂದಿ ಸುತ್ತಿದ ಮರದ ಬೆಣೆ ಹೊಡೆದು ನೀರು ನಿಲ್ಲಿಸಿಕೊಂಡಿದ್ದರು. ಬೆಣೆ ಕಿತ್ತರೆ ಬಿಂದಿಗೆ ತುಂಬುವಷ್ಟರಲ್ಲಿ ಇನ್ನೊಂದು ಬಿಂದಿಗೆಯಷ್ಟು ಮಣ್ಣುಪಾಲು. ನಾವು ಪೆಟ್ಟಿಗೆಗಳನ್ನು ಇಳಿಸಿಕೊಳ್ಳುವ ಮೊದಲೇ ನಮ್ಮ ಡ್ರೈವರ್ ಸ್ಪ್ಯಾನರ್ ಹಿಡಿದು ಅಲ್ಲಿ ಕೂತರು. ಸುತ್ತ ನಿಂತ ಹೆಂಗಸರು ಬೆಣೆ ಕಿತ್ತೊಡನೆ ಚಿಮ್ಮಿದ ನೀರಿಗೆ ಬಕೆಟು, ಕ್ಯಾನು, ಪಾತ್ರೆ ಏನು ಸಿಕ್ಕಿತೋ ಅದನ್ನು ಒಡ್ಡಿ ಹಿಡಿದರು. ಟೇಪ್ ಸುತ್ತಿ ಹೊಸ ನಲ್ಲಿ ಕೂರಿಸುವ ಹೊತ್ತಿಗೆ ಎಲ್ಲರೂ ತೊಯ್ದು ನಗುತ್ತಿದ್ದರು. ಆ ದಿನ ನಾವು ಒಯ್ದ ಸಾಮಾನುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು ಅದು, ಎಲ್ಲಕ್ಕಿಂತ ಹೆಚ್ಚು ಕಣ್ಣು ಉಳಿಸುವುದೂ ಅದೇ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಮಸಾಯಿ ಮಕ್ಕಳು ಹಿರಿಯರನ್ನು ಕಂಡರೆ ಹತ್ತಿರ ಬಂದು ತಲೆ ಬಗ್ಗಿಸಿ ನಿಲ್ಲುತ್ತಾರೆ, ನಾವು ನೆತ್ತಿಯ ಮೇಲೆ ಕೈಯಿಡಬೇಕು. ಹಾಗೆ ಬಂದ ಒಂದೊಂದು ಮಗುವಿನ ಮುಖವನ್ನೂ ಮೇಲೆತ್ತಿ ನೋಡಿದೆ. ಹಿಂದಿನ ಸಲ ಗೀಜು ಒಣಗಿ ಅಂಟಿಕೊಂಡು ನೊಣ ಮುತ್ತಿದ್ದ ಮುಖಗಳು ಎಷ್ಟೋ ಇದ್ದವು. ಈ ಸಲ ಹೆಚ್ಚಿನವು ಚೊಕ್ಕಟ. ರೆಪ್ಪೆ ಮಗುಚಿದಾಗ ಕೆಲವರಲ್ಲಿ ಬಿಳಿ ಗುಳ್ಳೆಗಳು ಇನ್ನೂ ಇದ್ದವು, ಅವರಿಗೆ ಮುಲಾಮು. ಕಾರ್ಯಕರ್ತೆ ನನ್ನನ್ನು ಶಾಲೆಯ ಬಳಿಯ ಮರದ ಹತ್ತಿರ ಕರೆದುಕೊಂಡು ಹೋದಳು. ಕೊಂಬೆಗೆ ಸಣ್ಣ ಕ್ಯಾನೊಂದನ್ನು ತೂಗುಹಾಕಿ ಬುಡಕ್ಕೆ ಮೊಳೆಯಷ್ಟು ತೂತು ಮಾಡಿ ಕಡ್ಡಿ ಚುಚ್ಚಿದ್ದಳು. ಕಡ್ಡಿ ಎಳೆದರೆ ದಾರದಷ್ಟು ನೀರು. ಕೈಗೂ ಮುಖಕ್ಕೂ ಒಂದು ಲೋಟ ಧಾರಾಳ ಸಾಕು. ಅಮ್ಮಂದಿರು ತಮ್ಮ ಹಟ್ಟಿಗಳಲ್ಲೂ ಹಾಗೆಯೇ ಕಟ್ಟಿಕೊಂಡಿದ್ದಾರಂತೆ.

ನೊಣದ ವಿಷಯಕ್ಕೆ ಒಂದು ಮಾತು. ಹೊರಗಿನಿಂದ ಬಂದವರು ಮಸಾಯಿಗಳ ದನದ ಕೊಟ್ಟಿಗೆಯನ್ನೂ ಸಗಣಿ ಮೆತ್ತಿದ ಮನೆಯನ್ನೂ ನೋಡಿ ಇದೇ ರೋಗದ ಮೂಲ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಟ್ರಕೋಮಾ ಹರಡುವ ನೊಣಕ್ಕೆ ಮೊಟ್ಟೆಯಿಡಲು ಎಲ್ಲಕ್ಕಿಂತ ಇಷ್ಟವಾದದ್ದು ಬಯಲಿನಲ್ಲಿ ಬಿದ್ದ ಮನುಷ್ಯರ ಮಲ. ಕಕ್ಕಸು ಕಟ್ಟಿಸುವುದು, ನೀರು ತರುವುದು ಸರ್ಕಾರ ಮಾಡಬೇಕಾದ ಖರ್ಚಿನ ಕೆಲಸ. ಜನರ ಬದುಕಿನ ರೀತಿಯನ್ನು ದೂರುವುದಕ್ಕೆ ಖರ್ಚಿಲ್ಲ. ಸಗಣಿ ಸಾರಿಸಿದ ಅಂಗಳದಲ್ಲಿ ಬೆಳೆದ ನನಗೆ ಆ ದೂರು ಕೇಳಿದರೆ ಮೈ ಉರಿಯುತ್ತದೆ.

ಮಧ್ಯಾಹ್ನಕ್ಕೆ ಮೊದಲು ಚಾಳೀಸಿನವರ ಸರದಿ. ಇಲ್ಲಿನ ಹೆಂಗಸರ ಕೈಖರ್ಚು ಬಹುಮಟ್ಟಿಗೆ ಮಣಿ ಕೆಲಸದಿಂದ. ಬರಗಾಲದಲ್ಲಿ ದನ ಸತ್ತ ಮೇಲೆ ಎಷ್ಟೋ ಮನೆಗಳಿಗೆ ಅದೇ ಆಧಾರವಾಗಿತ್ತು. ನಲವತ್ತು ದಾಟಿ ಹತ್ತಿರದ್ದು ಮಂಜಾದರೆ ಸಾಸಿವೆಯಷ್ಟು ಮಣಿಯ ತೂತು ಕಾಣುವುದಿಲ್ಲ, ಬಣ್ಣದ ಲೆಕ್ಕ ತಪ್ಪುತ್ತದೆ. ಅಕ್ಷರದ ಚಾರ್ಟಿನಿಂದ ಅಲ್ಲಿ ಉಪಯೋಗವಿಲ್ಲ. ತಟ್ಟೆಯಲ್ಲಿ ಮಣಿ, ಕೈಗೆ ದಾರ ಕೊಟ್ಟು ಒಂದೊಂದೇ ಕನ್ನಡಕ ಹಾಕಿಸುತ್ತೇನೆ. ಸರಿಯಾದ ಪವರ್ ಬಂದ ಕ್ಷಣ ನನಗೆ ಯಾರೂ ಹೇಳಬೇಕಾಗಿಲ್ಲ. ಬೆರಳು ಓಡತೊಡಗುತ್ತದೆ, ಮಾತು ನಿಲ್ಲುತ್ತದೆ. ಹಿಂದಿನ ಸಲ ಕನ್ನಡಕ ಪಡೆದ ಒಬ್ಬಾಕೆ ಅದಕ್ಕೆ ಕೆಂಪು, ಬಿಳಿ, ನೀಲಿ ಮಣಿಗಳ ಸರ ಮಾಡಿ ಕೊರಳಿಗೆ ಹಾಕಿಕೊಂಡು ಬಂದಿದ್ದರು. ಗಾಜಿನ ತುಂಬ ಗೀರು. ಕೇಳಿದರೆ, ಹಟ್ಟಿಯ ಹೆಂಗಸರೆಲ್ಲ ಸರದಿಯ ಮೇಲೆ ಅದೊಂದನ್ನೇ ಹಾಕಿಕೊಂಡು ಕೆಲಸ ಮಾಡಿದ್ದರು! ಪಟ್ಟಿಯಲ್ಲಿ ಎರಡೂವರೆ ಪವರಿನವು ಅಷ್ಟೊಂದು ಯಾಕಿದ್ದವು ಎಂದು ಆಗ ಗೊತ್ತಾಯಿತು.

ಹಿಂದೆ ರೆಪ್ಪೆಯ ಆಪರೇಷನ್ ಆದವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದೆವು. ನಮ್ಮೊಂದಿಗೆ ಬಂದಿದ್ದ ಸರ್ಜನ್ ಕೆನ್ಯಾದವರು, ಕಣ್ಣಿನ ವಿಭಾಗದಲ್ಲಿ ತರಬೇತಾದ ಕ್ಲಿನಿಕಲ್ ಆಫೀಸರ್. ಇಲ್ಲಿ ರೆಪ್ಪೆಯ ಆಪರೇಷನ್ ಮಾಡಲು ಎಂಬಿಬಿಎಸ್ ಬೇಕಿಲ್ಲ. ಅವರಿಗಿಂತ ಒಳ್ಳೆಯ ಕೈ ನಾನು ಹೆಚ್ಚು ಕಂಡಿಲ್ಲ. ನಾನು ಸ್ವಾಹಿಲಿಯಲ್ಲಿ ಕೇಳುವುದು, ಕಾರ್ಯಕರ್ತೆ ಮಸಾಯಿಗಳ ಮಾ ಭಾಷೆಯಲ್ಲಿ ಹೇಳುವುದು. ಬಂದವರಲ್ಲಿ ಬಹುತೇಕ ಎಲ್ಲರೂ ಹೆಂಗಸರೇ. ಎಳೆಮಕ್ಕಳನ್ನು ಎತ್ತಿಕೊಂಡು, ಅದೇ ಬಟ್ಟೆಯ ಅಂಚಿನಿಂದ ಮಗುವಿನ ಕಣ್ಣು, ತಮ್ಮ ಕಣ್ಣು ಒರೆಸಿಕೊಂಡು ಬದುಕಿದವರಿಗೆ ಗಂಡಸರಿಗಿಂತ ಹೆಚ್ಚಾಗಿ ಈ ಗತಿ ಬರುತ್ತದೆ. ಹೆಚ್ಚಿನವರ ರೆಪ್ಪೆ ನೆಟ್ಟಗಿತ್ತು. ಲೂಪ್ ಎಂಬ ಭೂತಗನ್ನಡಿ ಹಾಕಿಕೊಂಡು ಎವೆಗಳನ್ನು ಎಣಿಸುತ್ತಾ ಹೋದಂತೆ ನನಗೆ ಧೈರ್ಯ ಬಂತು.

ಆಮೇಲೆ ಅಜ್ಜಿ ಬಂದರು. ಅಲ್ಲಿ ಎಲ್ಲರೂ ಅವರನ್ನು ಕರೆಯುವುದು ಕೊಕೊ ಎಂದು. ಸೊಸೆ ಕೈ ಹಿಡಿದುಕೊಂಡಿದ್ದಳು. "ತಕ್ವೆನ್ಯಾ" ಎಂದು ನಮಸ್ಕಾರ ಹೇಳಿದೆ, "ಇಕೊ" ಎಂದು ಉತ್ತರ ಕೊಟ್ಟರು. ಎಡಗಣ್ಣು ತಿಳಿಯಾಗಿತ್ತು. ಬಲಗಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಟಾರ್ಚ್ ಬಿಟ್ಟರೆ ತಡೆಯಲಾಗದೆ ಮುಖ ತಿರುಗಿಸಿದರು. ಮೇಲ್ರೆಪ್ಪೆಯ ನಡುವೆ ಮೂರು ಎವೆ ಒಳಕ್ಕೆ ತಿರುಗಿ ನೇರ ಕರಿಗುಡ್ಡೆಗೇ ತಾಗಿದ್ದವು. ಪಕ್ಕದಲ್ಲಿ ಕಿತ್ತ ಬುಡಗಳು. ಸೊಸೆ ಸೊಂಟದ ಚೀಲದಿಂದ ಸಣ್ಣ ಚಿಮಟ ತೆಗೆದು ತೋರಿಸಿದಳು. ನಾಲ್ಕಾರು ದಿನಕ್ಕೊಮ್ಮೆ ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಇವಳೇ ಕೀಳುತ್ತಿದ್ದಳಂತೆ. ಅಷ್ಟು ಶ್ರದ್ಧೆಯಿಂದ ಕಿತ್ತದ್ದರಿಂದಲೇ ಕರಿಗುಡ್ಡೆ ಇನ್ನೂ ಉಳಿದಿತ್ತು. ಹಾಗೆಂದು ಅವಳಿಗೆ ಹೇಳಿಸಿದೆ. ಬೈಯುತ್ತಾರೆಂದು ಹೆದರಿ ನಿಂತಿದ್ದವಳು ಉಸಿರು ಬಿಟ್ಟಳು.

ಮತ್ತೆ ಆಪರೇಷನ್ ಬೇಕು ಎಂದಾಗ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕಾರ್ಯಕರ್ತೆಯ ಕಡೆ ತಿರುಗಿ ಹೇಳಿದ್ದು ಇಷ್ಟು: "ಸೂಜಿಗೆ ನಾನು ಹೆದರುವುದಿಲ್ಲ. ಹೋದ ಸಲ ಸಂಜೆಗೇ ಮನೆಗೆ ಹೋದೆ. ರಾತ್ರಿ ಒಲೆ ಹೊತ್ತಿಸಿದೆ. ಬೆಳಿಗ್ಗೆ ಬಗ್ಗಿ ಮೇಕೆಯ ಹಾಲು ಕರೆದೆ. ನನ್ನ ಕೆಲಸ ಯಾರು ಮಾಡುತ್ತಾರೆ ಅಂತ ಯಾರಾದರೂ ಕೇಳಿದಿರಾ?"

ಮಸಾಯಿ ಮನೆಗೆ ಕಿಟಕಿ ಎಂಬುದು ಅಂಗೈಯಷ್ಟು, ಒಲೆ ಒಳಗೇ. ಹೊಸ ಹೊಲಿಗೆಯಿರುವ ಕಣ್ಣಿಗೆ ಆ ಹೊಗೆ, ಬಗ್ಗಿದಾಗ ಏರುವ ಒತ್ತಡ, ಎರಡೂ ಕೆಟ್ಟದ್ದು. ಮೊದಲ ಆಪರೇಷನ್ ಕೆಟ್ಟದ್ದು ಅದರಿಂದಲೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಚೆನ್ನಾಗಿ ಆರೈಕೆ ಸಿಕ್ಕವರಲ್ಲೂ ರೆಪ್ಪೆ ಮರಳಿ ಹೊರಳುವುದುಂಟು. ಆದರೆ ಅಜ್ಜಿಯ ಪ್ರಶ್ನೆ ಸರಿಯಾದ ಪ್ರಶ್ನೆಯಾಗಿತ್ತು, ಅದಕ್ಕೆ ಉತ್ತರ ಹುಡುಕುವುದು ಆಪರೇಷನ್ನಿನಷ್ಟೇ ಮುಖ್ಯ ಕೆಲಸವಾಗಿತ್ತು. ಮಾತುಕತೆ ಹೊರಗೆ ಮರದ ನೆರಳಿಗೆ ಹೋಯಿತು. ಸೊಸೆ, ಅವಳ ಓರಗಿತ್ತಿ, ನೆರೆಯ ಇಬ್ಬರು, ಕೋಲೂರಿಕೊಂಡು ಬಂದ ಮಗ. ನಾವು ದೂರ ನಿಂತೆವು. ಹಾಲಿನ ಚಹಾ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಕೊನೆಗೆ ಇತ್ಯರ್ಥವಾದದ್ದು ಹೀಗೆ: ಹೊಲಿಗೆ ಬಿಚ್ಚುವ ತನಕ ಮೇಕೆ ಕರೆಯುವುದು ಓರಗಿತ್ತಿ, ನೀರು ತರುವುದು ಸೊಸೆ, ಮೊದಲ ಕೆಲವು ರಾತ್ರಿ ಡಿಸ್ಪೆನ್ಸರಿಯಲ್ಲಿ ಹೆರಿಗೆಗೆ ಬಂದವರು ಉಳಿಯುವ ಕೋಣೆಯಲ್ಲಿ ಅಜ್ಜಿಗೆ ಹಾಸಿಗೆ. ನರ್ಸ್ ಅಲ್ಲಿಯೇ ಹಾಸಿಗೆ ಹಾಸಿಸಿಬಿಟ್ಟರು.

ಎರಡನೇ ಸಲದ ಆಪರೇಷನ್ ಕಷ್ಟ. ಹಳೆಯ ಗಾಯದ ಗಟ್ಟಿ ಕಲೆಯನ್ನು ಬಿಡಿಸಿಕೊಂಡು ಹೋಗಬೇಕು. ಸರ್ಜನ್ ಅವಸರ ಮಾಡಲಿಲ್ಲ. ನಾನು ಟಾರ್ಚ್ ಹಿಡಿದಿದ್ದೆ, ಕಾರ್ಯಕರ್ತೆ ಅಜ್ಜಿಯ ಕೈ ಹಿಡಿದು ಯಾರದೋ ಮದುವೆಯ ಕತೆ ಹೇಳುತ್ತಿದ್ದಳು. ನಡುವೆ ಅಜ್ಜಿ ಮಲಗಿದಲ್ಲಿಂದಲೇ ಅವಳನ್ನು ತಿದ್ದಿದರು, ಹೆಣ್ಣಿಗಾಗಿ ಅಷ್ಟು ದನ ಕೊಟ್ಟಿರಲಿಲ್ಲ, ಕಡಿಮೆ ಎಂದು.

ಸಂಜೆ ಹೊರಟೆವು. ಮರುದಿನ ಪಟ್ಟಿ ಬಿಚ್ಚಿದ ಕಣ್ಣಿನ ಫೋಟೊ ಫೋನಿಗೆ ಬಂತು, ಸರ್ಜನ್ ನೋಡಿ ಸರಿಯಿದೆ ಎಂದರು. ಗೊತ್ತುಮಾಡಿದ ದಿನ ಕಾರ್ಯಕರ್ತೆ ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದಳು, ನರ್ಸ್ ಹೊಲಿಗೆ ಬಿಚ್ಚಿದರು. ಬೈಕಿನ ಬಾಡಿಗೆಯನ್ನು ಫೋನಿನಲ್ಲೇ ಹಣ ಕಳಿಸುವ ಎಂಪೆಸಾದಲ್ಲಿ ಕಳಿಸಿದೆವು. ಆ ವರ್ಷದ ಅಕ್ಟೋಬರಿನಲ್ಲಿ, ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. 1963ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಗಿ ಶುರುವಾದ ಕೆಲಸ ಅಲ್ಲಿಗೆ ಬರಲು ಅರವತ್ತು ವರ್ಷ ಹಿಡಿಯಿತು. ಘಾನಾ, ಮಲಾವಿ ಅದಕ್ಕೂ ಮೊದಲೇ ಗೆದ್ದಿದ್ದವು. ಸುದ್ದಿಯನ್ನು ಕಾರ್ಯಕರ್ತೆಗೆ ಕಳಿಸಿದೆ. ಖುಷಿಪಟ್ಟಳು. ಅದರ ಹಿಂದೆಯೇ ಮುಂದಿನ ಪಟ್ಟಿಯನ್ನೂ ಕಳಿಸಿದಳು: ನದಿಯಾಚೆ ಅಜ್ಜಿಯ ತಂಗಿಗೂ ಇದೇ ತೊಂದರೆ, ಎರಡೂ ಕಣ್ಣು. ಮೂರು ಪವರಿನ ಕನ್ನಡಕ ಬೇಕು. ಸಂತೆಯ ದಿನ ಬರಬೇಡಿ, ಯಾರೂ ಸಿಗುವುದಿಲ್ಲ. ಶಾಲೆಯ ಹತ್ತಿರವೂ ಒಂದು ಟ್ಯಾಂಕ್ ಕೂರಿಸುತ್ತಿದ್ದಾರೆ, ಅದಕ್ಕೂ ಅದೇ ಅಳತೆಯ ನಲ್ಲಿ, ಈ ಸಲ ಎರಡು ತನ್ನಿ.