ನಿಯೋಸ್ ಸರೋವರದ ಆ ರಾತ್ರಿ

ಎರಡು ದಿನದಿಂದ ತಲೆಯಲ್ಲಿ ಒಂದೇ ಹೆಸರು ಸುತ್ತುತ್ತಿದೆ. ನಿಯೋಸ್. ಕ್ಯಾಮರೂನ್ ದೇಶದ ಒಂದು ಸರೋವರ.

1986ರ ಆಗಸ್ಟ್ 21ರ ರಾತ್ರಿ. ಭೂಕಂಪವಿಲ್ಲ, ಬೆಂಕಿಯಿಲ್ಲ, ಮನೆಗಳೆಲ್ಲ ನಿಂತಂತೆಯೇ ನಿಂತಿದ್ದವು. ಬೆಳಗಾಗುವಷ್ಟರಲ್ಲಿ ಸುಮಾರು 1,700 ಜನ ಉಸಿರು ನಿಂತು ಮಲಗಿದ್ದರು. ಜೊತೆಗೆ ಸಾವಿರಾರು ದನಕರು.

ಹಳೆಯ ಜ್ವಾಲಾಮುಖಿಯ ಬಾಯಲ್ಲಿ ತುಂಬಿದ ನೀರದು. ತಳದಲ್ಲಿ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಕರಗಿ ಕೂತಿತ್ತು. ಅಂದು, ಸೋಡಾ ಬಾಟಲಿಯ ಮುಚ್ಚಳ ಕಿತ್ತ ಹಾಗೆ, ಒಮ್ಮೆಲೇ ಉಕ್ಕಿತು. ಗಾಳಿಗಿಂತ ಭಾರವಾದ ಅನಿಲ ನೆಲಕ್ಕೆ ಅಂಟಿಕೊಂಡು ಕಣಿವೆಗಳಲ್ಲಿ ಹರಿಯಿತು. ಸುಮಾರು 25 ಕಿಲೋಮೀಟರ್ ದೂರದವರೂ ಸತ್ತರು. ಹೆಚ್ಚಿನವರು ನಿದ್ದೆಯಲ್ಲಿದ್ದರು. ಯಾಕೆ ಸಾಯುತ್ತಿದ್ದೇವೆ ಎಂಬುದೂ ಅವರಿಗೆ ತಿಳಿಯಲಿಲ್ಲ ಅನ್ನೋದೇ ನನ್ನನ್ನು ಬಿಡದೆ ಕಾಡುತ್ತಿದೆ.

ಎಷ್ಟು ಸುಲಭವಾಗಿ ಮರೆತುಬಿಡ್ತೀವಿ ನಾವು! 1871ರಲ್ಲಿ ಷಿಕಾಗೊ ಹೊತ್ತಿ ಉರಿದದ್ದು ಎಷ್ಟೋ ಜನಕ್ಕೆ ಗೊತ್ತು. ಅದೇ ದಿನ ವಿಸ್ಕಾನ್ಸಿನ್‌ನ ಪೆಶ್ಟಿಗೊ ಎಂಬ ಊರು, ಸುತ್ತಲಿನ ಕಾಡಿನ ಸಮೇತ ಸುಟ್ಟುಹೋಯಿತು. ಅಲ್ಲಿ ಸತ್ತವರು ಷಿಕಾಗೊಗಿಂತ ಹಲವು ಪಟ್ಟು ಹೆಚ್ಚು, ಸಾವಿರಕ್ಕೂ ಮೇಲೆ.

ನಿಯೋಸ್‌ಗೆ ಮುನ್ಸೂಚನೆಯೂ ಇತ್ತು. ಎರಡೇ ವರ್ಷ ಮುಂಚೆ, ಅದೇ ದೇಶದ ಮೊನೂನ್ ಸರೋವರ ಹೀಗೇ 37 ಜನರನ್ನು ಕೊಂದಿತ್ತು.

2001ರಲ್ಲಿ ನಿಯೋಸ್‌ನ ಆಳಕ್ಕೆ ಕೊಳವೆ ಇಳಿಸಿ, ಅನಿಲವನ್ನು ಮೆಲ್ಲಗೆ ಹೊರಬಿಡತೊಡಗಿದರು. ಅದರಿಂದ ಚಿಮ್ಮುವ ಎತ್ತರದ ಬಿಳಿ ಕಾರಂಜಿಯ ಫೋಟೋ ನೋಡುತ್ತಾ ಬಹಳ ಹೊತ್ತು ಕೂತಿದ್ದೆ.